ತಲೆ ತಗ್ಗಿಸಿದವರು ಯಾರು?

ಕನ್ನಡ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ 17 ವರ್ಷ ಕೆಲಸ ಮಾಡಿದ್ದೇನೆ. ಅಷ್ಟು ವರ್ಷಗಳಲ್ಲಿ ಎಷ್ಟು ಸಲ ಬರೆದೆನೋ ಲೆಕ್ಕವೇ ಇಲ್ಲದ ಒಂದು ವಾಕ್ಯವಿದೆ: ‘ನಾಗರಿಕ ಸಮಾಜವೇ ತಲೆ ತಗ್ಗಿಸುವಂಥ ಘಟನೆ ತಾಲ್ಲೂಕಿನಲ್ಲಿ ನಡೆದಿದೆ.’ ಜಿಲ್ಲೆಗಳಿಂದ ಬರುವ ವರದಿಗಳು ಎಷ್ಟೋ ಸಲ ಇದರಿಂದಲೇ ಶುರುವಾಗುತ್ತಿದ್ದವು. ಆಗದಿದ್ದರೆ ನಾವೇ ಸೇರಿಸುತ್ತಿದ್ದೆವು. ಮಗುವಿನ ಮೇಲೆ ದೌರ್ಜನ್ಯ, ಮರ್ಯಾದೆಗೇಡು ಹತ್ಯೆ, ಕ್ಷೌರದಂಗಡಿಯಲ್ಲಿ ದಲಿತರಿಗೆ ಬಾಗಿಲು ಹಾಕಿದ್ದು, ಯಾವ ಸುದ್ದಿಯಾದರೂ ಸರಿ, ಆ ಸಾಲು ಅಲ್ಲಿರುತ್ತಿತ್ತು. ಬರೆಯುವಾಗ ಸಿಟ್ಟು ನಿಜವಾಗಿಯೂ ಇರುತ್ತಿತ್ತು. ಆದರೆ ಆ ಸಿಟ್ಟು ಯಾರ ಮೇಲೆ ಎಂದು ನಾನು ಕೇಳಿಕೊಂಡಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಉತ್ತರ ಕರ್ನಾಟಕದ ಊರೊಂದರಲ್ಲಿ ಒಳಚರಂಡಿಯ ಗುಂಡಿಗೆ ಇಳಿದ ಇಬ್ಬರು ಉಸಿರುಗಟ್ಟಿ ಸತ್ತರು. ಆ ವರದಿಗೂ ಅದೇ ಸಾಲನ್ನು ಕೂರಿಸಿ ಪುಟಕ್ಕೆ ಕಳಿಸಿದೆ. ಮರುದಿನ ಮಧ್ಯಾಹ್ನ ಡೆಸ್ಕಿಗೆ ಫೋನ್ ಬಂತು. ಅದೇ ಊರಿನ ನಿವೃತ್ತ ಶಿಕ್ಷಕಿ. ದನಿಯಲ್ಲಿ ಜೋರಿರಲಿಲ್ಲ, ಮಕ್ಕಳ ಕಾಪಿ ತಿದ್ದುವವರ ನಿಧಾನವಿತ್ತು.

“ನಾಗರಿಕ ಸಮಾಜ ತಲಿ ತಗ್ಗಿಸೂವಂಥಾದ್ದು ಅಂತ ಬರದೀರಲ್ಲಾ, ಯಾರು ತಗ್ಗಿಸಿದ್ರು ಹೇಳ್ರಿ? ನಾ ಇದೇ ಊರಾಗ ಇರಾಕಿ. ನನಗ ಯಾರದೂ ತಲಿ ತಗ್ಗಿದ್ದು ಕಾಣಲಿಲ್ಲ. ಆ ಗುಂಡಿಗೆ ಮಂದೀನ ಇಳಸಬ್ಯಾಡ್ರಿ, ಮಶೀನ್ ತರಸ್ರಿ ಅಂತ ನಾವು ಹದಿನಾಲ್ಕು ಮಂದಿ ಮೂರು ಸಲ ಅರ್ಜಿ ಕೊಟ್ಟೇವಿ. ಸಿಕ್ಕಾ ಹೊಡದು ಕೊಟ್ಟ ಪ್ರತಿ ನನ್ನ ಕಡೆ ಅದಾವ. ನಿಮ್ಮ ಪೇಪರಿನವರಿಗೂ ಒಂದು ಪ್ರತಿ ಕೊಟ್ಟಿದ್ವಿ. ನೀವು ಹಾಕಲಿಲ್ಲ.”

ಕ್ಷಮಿಸಿ ಎಂದೆ. “ಕ್ಷಮಾ ಗಿಮಾ ಬ್ಯಾಡ್ರಿ. ಇನ್ಮ್ಯಾಲೆ ಆ ಸಾಲು ಬರೀಬ್ಯಾಡ್ರಿ” ಎಂದು ಫೋನಿಟ್ಟರು.

ಆವತ್ತಿನಿಂದ ಆ ಸಾಲನ್ನು ಬರೆದಿಲ್ಲ. ಆದರೆ ಅವರ ಪ್ರಶ್ನೆ ಬಿಟ್ಟಿಲ್ಲ. ಹದಿನಾಲ್ಕು ಜನ ಒಟ್ಟಾಗಿ ಮೂರು ಸಲ ಕಚೇರಿಯ ಮೆಟ್ಟಿಲು ಹತ್ತಿದಾಗ ನಮ್ಮ ಪುಟದಲ್ಲಿ ನಾಗರಿಕ ಸಮಾಜ ಕಾಣಿಸಿಕೊಳ್ಳಲಿಲ್ಲ. ಇಬ್ಬರು ಸತ್ತ ಮೇಲೆ, ತಲೆ ತಗ್ಗಿಸಲಿಕ್ಕೆ ಮಾತ್ರ, ಅದನ್ನು ಕರೆತಂದೆವು.

ಎರಡು ಅರ್ಥದ ಮಾತು

‘ನಾಗರಿಕ’ ಎನ್ನುವ ಮಾತಿನಲ್ಲೇ ಗಂಟಿದೆ. ನಮ್ಮ ಕಿವಿಯಲ್ಲಿ ಅದರ ಎದುರು ಪದ ‘ಅನಾಗರಿಕ’. ಹಾಗಾಗಿ ನಾಗರಿಕ ಸಮಾಜವೆಂದರೆ ಸಭ್ಯರ ಸಮಾಜ, ಓದು ಬರಹ ಬಲ್ಲ, ಒಗೆದ ಬಟ್ಟೆಯ ಸಮಾಜ ಎಂದು ಕೇಳಿಸುತ್ತದೆ. ಅದೇ ಪದಕ್ಕೆ ಇನ್ನೊಂದು ಅರ್ಥವೂ ಇದೆ. ಹಿರಿಯ ನಾಗರಿಕ, ನಾಗರಿಕ ಹಕ್ಕು ಎನ್ನುತ್ತೇವಲ್ಲ, ಅಲ್ಲಿರುವವನು ಸಭ್ಯನೋ ಅಲ್ಲವೋ ಯಾರೂ ಕೇಳುವುದಿಲ್ಲ. ಆತ ಈ ದೇಶದವನು, ಕೇಳಲು ಹಕ್ಕುಳ್ಳವನು, ಅಷ್ಟೆ. ಸಿವಿಲ್ ಸೊಸೈಟಿ ಎಂದು ವಿಚಾರ ಸಂಕಿರಣಗಳಲ್ಲಿ ಮಾತಾಡುವವರು ಹೇಳುವುದು ಈ ಎರಡನೆಯವರ ಬಗ್ಗೆ. ಮನೆಯ ನಂಟಿನಿಂದಲ್ಲ, ಲಾಭಕ್ಕಲ್ಲ, ಸರ್ಕಾರದ ಆದೇಶದಿಂದಲೂ ಅಲ್ಲ, ಎಲ್ಲರಿಗೂ ಸೇರಿದ ಒಂದು ವಿಷಯಕ್ಕಾಗಿ ಒಟ್ಟಿಗೆ ಕೂರುವ ಜನ. ಅದಕ್ಕೆ ‘ಪೌರ ಸಮಾಜ’ ಎನ್ನುವವರೂ ಇದ್ದಾರೆ. ನನಗೆ ಆ ಮಾತು ಇಷ್ಟ. ಪೌರ ಎಂದ ಕೂಡಲೇ ನಮ್ಮ ಬಾಯಿಗೆ ಬರುವ ಮುಂದಿನ ಪದ ಕಾರ್ಮಿಕ. ಯಾರನ್ನು ನಾವು ಈ ಸಮಾಜದ ಲೆಕ್ಕಕ್ಕೇ ಹಿಡಿದಿರಲಿಲ್ಲವೋ ಅವರನ್ನು ಆ ಪದ ತಾನಾಗಿಯೇ ಕರೆದು ತರುತ್ತದೆ.

ಪತ್ರಿಕೆಯ ಸಾಲು ಮಾತ್ರ ಮೊದಲ ಅರ್ಥಕ್ಕೆ ಗಂಟುಬಿದ್ದಿದೆ. ಅದು ಎಲ್ಲರನ್ನೂ ಒಳಗೊಳ್ಳುತ್ತದೆ, ಹಾಗಾಗಿ ಯಾರನ್ನೂ ಮುಟ್ಟುವುದಿಲ್ಲ. ಎಲ್ಲರೂ ಒಂದು ಕ್ಷಣ ತಲೆ ತಗ್ಗಿಸಿದರೆ ಮಶೀನ್ ಯಾಕೆ ಬರಲಿಲ್ಲ, ಅರ್ಜಿ ಯಾರ ಮೇಜಿನ ಮೇಲಿತ್ತು ಎಂದು ಕೇಳಬೇಕಾಗುವುದಿಲ್ಲ.

ಗುಂಡಿಯ ಸಾವಿನ ಬಗ್ಗೆ ದೇಶಕ್ಕೆಲ್ಲ ಕೇಳಿಸುವಂತೆ ಕೇಳಿದವರು ನಮ್ಮ ಕೋಲಾರದ ಚಿನ್ನದ ಗಣಿಯ ಊರಿನವರು. ಬೆಜವಾಡ ವಿಲ್ಸನ್ ಹುಟ್ಟಿ ಬೆಳೆದದ್ದು ಕೆಜಿಎಫ್‌ನಲ್ಲಿ. ಮನೆಯವರೇ ಮಲ ಹೊರುವ ಕೆಲಸದಲ್ಲಿದ್ದರು. 1980ರ ದಶಕದಲ್ಲಿ ಅಲ್ಲಿನ ಒಣ ಶೌಚಾಲಯಗಳ ವಿರುದ್ಧ ಪತ್ರ ಬರೆಯುವುದರಿಂದ ಶುರುವಾದ ಅವರ ಕೆಲಸ ಮುಂದೆ ಸಫಾಯಿ ಕರ್ಮಚಾರಿ ಆಂದೋಲನವಾಯಿತು. ಮಲ ಹೊರಿಸುವುದನ್ನು ನಿಷೇಧಿಸುವ ಕಾನೂನು 1993ರಲ್ಲೇ ಬಂದಿತ್ತು. ಆದರೆ ನಮ್ಮಲ್ಲಿ ಅಂಥದ್ದು ಇಲ್ಲವೇ ಇಲ್ಲ ಎಂದು ರಾಜ್ಯ ಸರ್ಕಾರಗಳು ಹೇಳುತ್ತ ಬಂದವು. ಆಂದೋಲನದವರು ಊರೂರು ತಿರುಗಿ, ಕೇರಿ ಕೇರಿಗೆ ಹೋಗಿ, ಇಲ್ಲಿದೆ ಶೌಚಾಲಯ, ಇಲ್ಲಿದ್ದಾರೆ ಮಲ ಹೊರುವವರು ಎಂದು ಫೋಟೊ ಸಮೇತ ದಾಖಲೆ ಮಾಡಿದರು. 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ತೀರ್ಪು ಬರಲು 11 ವರ್ಷ ಹಿಡಿಯಿತು. 2014ರ ಮಾರ್ಚ್ 27ರ ಆ ತೀರ್ಪು, 1993ರಿಂದೀಚೆಗೆ ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದಿತು. 2023ರಲ್ಲಿ ಕೋರ್ಟು ಅದನ್ನು 30 ಲಕ್ಷಕ್ಕೆ ಏರಿಸಿತು. ಸಾವು ನಿಂತಿಲ್ಲ. ಆದರೆ ‘ಇಲ್ಲ’ ಎಂದು ಅಫಿಡವಿಟ್ ಬರೆದು ಪಾರಾಗುವುದು ಈಗ ಮೊದಲಿನಷ್ಟು ಸುಲಭವಲ್ಲ.

ನಾಗರಿಕ ಸಮಾಜದ ಕೆಲಸವೇನು ಎಂದು ಕೇಳಿದರೆ ನಾನು ಮೊದಲು ತೋರಿಸುವುದು ಇದನ್ನು. ಸರ್ಕಾರಕ್ಕೊಂದು ದಫ್ತರವಿರುತ್ತದೆ. ಅದರಲ್ಲಿ ಇಲ್ಲದವರು ಇಲ್ಲವೇ ಇಲ್ಲ. ಆ ದಫ್ತರದ ಪಕ್ಕದಲ್ಲಿ ಜನ ಇನ್ನೊಂದು ದಫ್ತರ ಇಡಬೇಕು. ಬಿಟ್ಟುಹೋದ ಹೆಸರು, ಬಿಟ್ಟುಹೋದ ಗುಂಡಿ, ಉತ್ತರ ಬಾರದ ಅರ್ಜಿಯ ತಾರೀಕು ಅಲ್ಲಿರಬೇಕು. ಆ ಶಿಕ್ಷಕಿಯ ಹತ್ತಿರವಿದ್ದ ಸಿಕ್ಕಾ ಹೊಡೆದ ಮೂರು ಪ್ರತಿಗಳು ಅಂಥ ದಫ್ತರವೇ.

2016ರ ಎರಡು ರಸ್ತೆಗಳು

ಇದನ್ನು ಬರೆಯುವಾಗ ನನ್ನದೇ ಒಂದು ತಪ್ಪು ಎದುರಿಗೆ ಬಂದು ನಿಲ್ಲುತ್ತದೆ. 2016ರ ಏಪ್ರಿಲ್ 18ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಯಲ್ಲಿ ಕೂತರು. ಭವಿಷ್ಯ ನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ನಾನು ಆವತ್ತು ಬೊಮ್ಮನಹಳ್ಳಿಯ ಹತ್ತಿರ ಬಸ್ಸಿನಲ್ಲಿ ಸಿಕ್ಕಿಬಿದ್ದು, ಇಳಿದು ನಡೆಯತೊಡಗಿದೆ. ರಸ್ತೆಯ ತುಂಬ ಹೆಂಗಸರು. ಕೊರಳಲ್ಲಿ ಗುರುತಿನ ಚೀಟಿ, ತೊಡೆಯ ಮೇಲೆ ಊಟದ ಡಬ್ಬಿಯ ಚೀಲ. ಡಿವೈಡರಿನ ಮೇಲೆ ಕೂತಿದ್ದ ಒಬ್ಬರ ಪಕ್ಕ ನೀರು ಕುಡಿಯಲು ನಿಂತೆ. ಮದ್ದೂರಿನ ಕಡೆಯ ಮಾತು. “ಒಂಬತ್ತು ವರ್ಷದ್ದು ಐತೆ ಕಣಕ್ಕ ಒಳಗೆ. ಮಗಳು ಪಿಯುಸಿ. ಐವತ್ತೆಂಟಕ್ಕೆ ನಾನು ಇರ್ತೀನೋ ಇಲ್ವೋ, ಈ ಮಿಶಿನ್ ಮೇಲೆ ಕೂತು ಕೂತು ಸೊಂಟ ಈಗ್ಲೇ ಹೋಗೈತೆ.” ಯಾವ ಸಂಘದವರು ಕರೆದದ್ದು ಎಂದು ಕೇಳಿದೆ. “ಯಾರೂ ಕರೀಲಿಲ್ಲ. ಅವ್ರು ಎದ್ರು, ನಾವೂ ಎದ್ವಿ.”

ಮರುದಿನವೂ ರಸ್ತೆ ತುಂಬಿತು. ಬಸ್ಸುಗಳಿಗೆ ಬೆಂಕಿ ಬಿತ್ತು, ಪೊಲೀಸರು ಲಾಠಿ ಬೀಸಿದರು. ಅದೇ ದಿನ ಕೇಂದ್ರ ಸರ್ಕಾರ ನಿಯಮವನ್ನು ವಾಪಸು ಪಡೆಯಿತು. ಬೆಂಗಳೂರಿನ ಹೆಣ್ಣುಮಕ್ಕಳು ಎರಡು ದಿನದಲ್ಲಿ ಇಡೀ ದೇಶದ ಕಾರ್ಮಿಕರ ದುಡ್ಡನ್ನು ಉಳಿಸಿದರು. ಆ ರಾತ್ರಿ ನಾನು ಕೊಟ್ಟ ತಲೆಬರಹದಲ್ಲಿ ಸಂಚಾರ ಅಸ್ತವ್ಯಸ್ತವಾದದ್ದಿತ್ತು, ಗಲಭೆ ಇತ್ತು. ಡಿವೈಡರಿನ ಮೇಲೆ ಕೂತಿದ್ದ ಆ ತಾಯಿಯ ಒಂಬತ್ತು ವರ್ಷ ಇರಲಿಲ್ಲ.

ಅದೇ ವರ್ಷದ ಅಕ್ಟೋಬರ್ 16, ಭಾನುವಾರ ಬೆಳಿಗ್ಗೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ, 1,791 ಕೋಟಿ ರೂಪಾಯಿ, 812 ಮರ. ಅದು ಬೇಡವೆಂದು ಸಾವಿರಾರು ಜನ ರಸ್ತೆಯುದ್ದಕ್ಕೂ ಕೈ ಕೈ ಹಿಡಿದು ನಿಂತರು. ನಾನೂ ನಿಂತಿದ್ದೆ, ಕಾವೇರಿ ಥಿಯೇಟರಿನ ಹತ್ತಿರ. ಒಂದು ಕೈಯಲ್ಲಿ ನಿವೃತ್ತ ಎಂಜಿನಿಯರೊಬ್ಬರ ಒರಟು ಕೈ, ಇನ್ನೊಂದರಲ್ಲಿ ಕಾಲೇಜು ಹುಡುಗಿಯೊಬ್ಬಳದು. ಆಕೆಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಎದೆಯ ಮೇಲೆ ‘ಬೇಡ’ ಎಂಬ ಎರಡೇ ಅಕ್ಷರವನ್ನು ಕನ್ನಡದಲ್ಲಿ ಬರೆದುಕೊಂಡಿದ್ದಳು, ಅಷ್ಟನ್ನು ಚೆನ್ನಾಗಿ ಉಚ್ಚರಿಸುತ್ತಿದ್ದಳು. ಈ ಊರಿನ ಬಗ್ಗೆ ಹೀಗೆ ಒಟ್ಟಿಗೆ ‘ಬೇಡ’ ಅನ್ನುವುದಕ್ಕೆ ಇಷ್ಟು ಜನರಿದ್ದಾರೆ ಎಂದು ನನ್ನ ಕಣ್ಣು ಒದ್ದೆಯಾಗಿತ್ತು. ಮುಂದಿನ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಆ ಭಾನುವಾರ ರಾತ್ರಿಯ ತಲೆಬರಹದಲ್ಲಿ ‘ನಾಗರಿಕರು’ ಎಂಬ ಪದವನ್ನು ನಾನೇ ಹಾಕಿದ್ದೆ.

ಎರಡೂ ಕಡೆ ಜನ ಸರ್ಕಾರದ ನಿರ್ಧಾರವೊಂದನ್ನು ಪ್ರಶ್ನಿಸಿದರು, ಎರಡೂ ಕಡೆ ಗೆದ್ದರು. ಒಬ್ಬರು ನನ್ನ ಕೈಯಲ್ಲಿ ಗಲಭೆಯಾದರು, ಇನ್ನೊಬ್ಬರು ನಾಗರಿಕರಾದರು. ಬೆಂಕಿ ಬಿದ್ದದ್ದಕ್ಕೆ ಹಾಗೆ ಬರೆದೆ ಎಂದು ಹೇಳಬಹುದು. ಆದರೆ ಮೊದಲ ದಿನ, ಬೆಂಕಿ ಬೀಳುವ ಮೊದಲೂ, ನಾನು ಬರೆದದ್ದು ಟ್ರಾಫಿಕ್ಕಿನ ಸುದ್ದಿಯನ್ನೇ. ಅದಕ್ಕೆ ಉತ್ತರ ನನ್ನಲ್ಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಕೆಲಸ ಬಿಟ್ಟು ಕೂತವರಿಗೆ ಒಂದು ದಿನದ ಕೂಲಿ ಹೋಗುತ್ತದೆ. ಭಾನುವಾರ ಬೆಳಿಗ್ಗೆ ನಿಂತ ನಮಗೆ ಏನೂ ಹೋಗಲಿಲ್ಲ. ಸರಪಳಿಯಲ್ಲಿ ನಿಂತದ್ದು ತಪ್ಪೆಂದು ನಾನು ಹೇಳುತ್ತಿಲ್ಲ, ಇವತ್ತು ಕರೆದರೂ ಹೋಗಿ ನಿಲ್ಲುತ್ತೇನೆ. ಹೊಸೂರು ರಸ್ತೆಯವರನ್ನೂ ಅದೇ ಹೆಸರಿನಿಂದ ಕರೆಯುವ ಧೈರ್ಯ ನಮಗಿರಬೇಕಿತ್ತು, ಅಷ್ಟೆ.

ಮಾವನ ಠರಾವು ಬುಕ್ಕು

ನನ್ನ ಸೋದರಮಾವ ಹಾವೇರಿ ಸೀಮೆಯ ಹಳ್ಳಿಯೊಂದರಲ್ಲಿ ವಾಚನಾಲಯದ ಕಾರ್ಯದರ್ಶಿಯಾಗಿದ್ದರು. ಅವರು ತೀರಿಕೊಳ್ಳುವ ಮೊದಲು ಟ್ರಂಕಿನಿಂದ ತೆಗೆದು ನನಗೆ ಕೊಟ್ಟದ್ದು ವಾಚನಾಲಯದ ಠರಾವು ಪುಸ್ತಕ. ಕೆಂಪು ರಟ್ಟು, ಅಂಚು ಗೆದ್ದಲು ತಿಂದದ್ದು. ನಮ್ಮಲ್ಲಿ ಸಂಘ ನೋಂದಾಯಿಸಲು 1960ರ ಕಾಯ್ದೆಯಂತೆ ಏಳು ಜನ ಬೇಕು. ಮೊದಲ ಪುಟದಲ್ಲಿ ಆ ಏಳು ಸಹಿಗಳಿವೆ, ಅದರಲ್ಲಿ ಎರಡು ಹೆಬ್ಬೆಟ್ಟು. ಆಮೇಲೆ ಪುಟ ಪುಟವೂ ಮಾವನ ದುಂಡು ಅಕ್ಷರ: ಸಭೆಯ ತಾರೀಕು, ಹಾಜರಿದ್ದವರು, ಠರಾವು, ಸೂಚಕರು, ಅನುಮೋದಕರು. ಕಂದೀಲಿಗೆ ಎಣ್ಣೆ, ಪೇಪರಿನ ಬಾಕಿ, ಗಣಪತಿ ವಂತಿಗೆಯಲ್ಲಿ ಉಳಿದದ್ದನ್ನು ಬೆಂಚು ಕೊಳ್ಳಲು ಬಳಸುವುದು. ಹೆಚ್ಚಿನದೆಲ್ಲ ಇಂಥದ್ದೇ.

1987ರ ಒಂದು ಪುಟ ಬೇರೆ. ‘ಗಾಯರಾಣ ಜಮೀನಿನಲ್ಲಿ ನೀಲಗಿರಿ ಹಚ್ಚುವದಕ್ಕೆ ಈ ಸಭೆಯ ವಿರೋಧ ಇರುತ್ತದೆ.’ ಗಾಯರಾಣವೆಂದರೆ ಊರಿನ ಗೋಮಾಳ. ಕೆಳಗೆ 41 ಸಹಿ. ಆಗ ಆ ಸೀಮೆಯಲ್ಲೆಲ್ಲ ಇದೇ ಮಾತು. ಜನರ ದನ ಮೇಯುತ್ತಿದ್ದ, ಸೌದೆ ಸಿಗುತ್ತಿದ್ದ ಸುಮಾರು 30 ಸಾವಿರ ಹೆಕ್ಟೇರ್ ಭೂಮಿಯನ್ನು ನೀಲಗಿರಿ ಬೆಳೆಸಲು ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿಗೆ ಕೊಡಲು ಸರ್ಕಾರ ಹೊರಟಿತ್ತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹಳ್ಳಿಗಳಲ್ಲಿ ಜನರನ್ನು ಕೂಡಿಸಿತು. ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆ ವರ್ಷದ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ತಮಗೆ ಉಪಯೋಗವಾಗುವ ಗಿಡಗಳನ್ನು ಹಚ್ಚಿದರು. ಅದಕ್ಕೇ ‘ಕಿತ್ತಿಕೊ ಹಚ್ಚಿಕೊ’ ಎಂದು ಹೆಸರಾಯಿತು. ಮುಂದೆ ಆ ಕಂಪನಿಯನ್ನು ಮುಚ್ಚಬೇಕಾಯಿತು. ಈ ಇತಿಹಾಸದಲ್ಲಿ ಮಾವನ ಊರಿನ ವಾಚನಾಲಯದ ಹೆಸರು ಎಲ್ಲೂ ಇಲ್ಲ. ಆದರೆ ದೊಡ್ಡ ಹೋರಾಟ ಬರುವ ಹೊತ್ತಿಗೆ ಒಂದು ಕೋಣೆಯಲ್ಲಿ ಕೂತು, ಒಬ್ಬರು ಸೂಚಿಸಿ ಇನ್ನೊಬ್ಬರು ಅನುಮೋದಿಸುವ ರೂಢಿ ಆ ಊರಿಗೆ 20 ವರ್ಷದಿಂದ ಇತ್ತು. 41 ಸಹಿ ಒಂದೇ ಸಂಜೆಯಲ್ಲಿ ಬಿದ್ದದ್ದು ಅದರಿಂದ.

ಅದೇ ಪುಸ್ತಕದಲ್ಲಿ ಇನ್ನೊಂದು ಪುಟವಿದೆ. 1979. ಅದೇ ದುಂಡು ಅಕ್ಷರ. ‘ಕೇರಿಯ ಹುಡುಗರು ಪತ್ರಿಕೆಯನ್ನು ಹೊರಗಿನ ಕಟ್ಟೆಯ ಮೇಲೆ ಕುಳಿತು ಓದತಕ್ಕದ್ದು. ಸರ್ವಾನುಮತದಿಂದ ಪಾಸು.’ ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟುಬಿಟ್ಟೆ. ನನ್ನನ್ನು ಎತ್ತಿ ಆಡಿಸಿದ ಕೈ ಅದನ್ನು ಬರೆದಿತ್ತು. ಆ ಸಾಲಿನ ಮೇಲೆ ಅಡ್ಡಗೆರೆ ಇದೆ. ಪಕ್ಕದಲ್ಲಿ ‘ಈ ಠರಾವು ರದ್ದು, 1984’ ಎಂದು ಬೇರೆ ಅಕ್ಷರ, ಬೇರೆ ಶಾಯಿ.

ಕೇಳಿದ್ದಕ್ಕೆ ಮಾವ ಹೇಳಿದರು. ದಲಿತ ಸಂಘರ್ಷ ಸಮಿತಿ ಊರೂರಿಗೆ ಹೋಗುತ್ತಿದ್ದ ಕಾಲ. ಕೇರಿಯ ಹುಡುಗನೊಬ್ಬ ಧಾರವಾಡದಲ್ಲಿ ಬಿ.ಎ. ಓದಿ ಬಂದಿದ್ದ. ಒಂದು ಸಂಜೆ ಮೂವರು ಗೆಳೆಯರ ಜೊತೆ ಒಳಗೆ ಬಂದು ಬೆಂಚಿನ ಮೇಲೆ ಕೂತ. ತಲಾ ಎರಡು ರೂಪಾಯಿ ಸದಸ್ಯತ್ವದ ಹಣವನ್ನು ಮೇಜಿನ ಮೇಲಿಟ್ಟು, ನೋಂದಣಿಯ ನಿಯಮಾವಳಿ ಕೊಡಿ ಎಂದ. ‘ಹದಿನೆಂಟು ತುಂಬಿದ ಊರಿನ ಯಾವುದೇ ವ್ಯಕ್ತಿ’ ಎಂದು ಅದರಲ್ಲಿತ್ತು. “ನನ್ನ ಅಕ್ಷರದಾಗ ಬರದ ನಿಯಮಾ, ನನಗs ಓದಿ ತೋರಿಸಿದ” ಎಂದರು ಮಾವ. “ಅಸ್ಪೃಶ್ಯತಾ ಕಾಯ್ದೆ ಮಾತೂ ಎತ್ತಿದ ಅನ್ನು. ಆದ್ರ ನನಗ ತಾಗಿದ್ದು ಅದಲ್ಲ. ನಾ ಬರದದ್ದು ನನಗ ತಾಗಿತು.” ರದ್ದು ಎಂದು ಬರೆದ ಶಾಯಿ ಆ ಹುಡುಗನ ಪೆನ್ನಿನದು. ಮಾವ ಪುಸ್ತಕವನ್ನು ಅವನ ಕಡೆ ತಿರುಗಿಸಿ, ನೀನೇ ಬರಿ ಎಂದರಂತೆ. ಇಬ್ಬರು ಸದಸ್ಯರು ಮರುದಿನದಿಂದ ವಾಚನಾಲಯಕ್ಕೆ ಬರುವುದನ್ನೇ ಬಿಟ್ಟರು.

ನಾಗರಿಕ ಸಮಾಜ ಒಳ್ಳೆಯವರ ಸಮಾಜ ಎಂದು ಯಾರಾದರೂ ಹೇಳಿದರೆ ನನಗೆ ಆ ಪುಟ ಕಣ್ಣಿಗೆ ಬರುತ್ತದೆ. ಜನ ಒಟ್ಟಾಗುವುದು ಬಾಗಿಲು ತೆರೆಯಲಿಕ್ಕೂ ಆಗಬಹುದು, ಹಾಕಲಿಕ್ಕೂ ಆಗಬಹುದು. ಬಹಿಷ್ಕಾರ ಹಾಕುವವರೂ ಕೂಡಿ ಕೂತೇ ಹಾಕುತ್ತಾರೆ, ಆದರೆ ಬಾಯಿಮಾತಿನಲ್ಲಿ. ಅಲ್ಲಿ ಯಾರು ಸೂಚಿಸಿದರು, ಯಾರು ಅನುಮೋದಿಸಿದರು ಎಂದು ನಾಳೆ ಕೇಳುವಂತಿಲ್ಲ. ವಾಚನಾಲಯದ ಅನ್ಯಾಯ ಬರಹದಲ್ಲಿತ್ತು, ಬಾಗಿಲು ಎಲ್ಲರಿಗೂ ತೆರೆದಿರಬೇಕೆಂಬ ನಿಯಮವೂ ಬರಹದಲ್ಲಿತ್ತು. ಹಾಗಾಗಿ ಎರಡು ರೂಪಾಯಿ ಹಿಡಿದು ಬಂದ ಹುಡುಗನಿಗೆ ಅಡ್ಡಗೆರೆ ಎಳೆಯಲು ಜಾಗ ಸಿಕ್ಕಿತು. ಜಾತಿಯ ಕೂಟವನ್ನೂ ನಾಗರಿಕರ ಕೂಟವನ್ನೂ ನಾನು ಬೇರೆ ಮಾಡಿ ನೋಡುವುದು ಈ ಒಂದು ಗುರುತಿನಿಂದ: ಹೊರಗಿನಿಂದ ಬಂದವನು ಒಳಗೆ ಕೂತು ಪುಸ್ತಕ ಕೇಳಬಹುದೇ?

ಕೂರುವ ಜಾಗ

ಕೂರುವುದೇ ಈಗ ಕಷ್ಟವಾಗಿದೆ. ಬೆಂಗಳೂರಿನಲ್ಲಿ 2021ರ ಕೊನೆಯಿಂದ ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಒಂದೇ ಜಾಗ. ಅದು ಹಳೆಯ ಸೆಂಟ್ರಲ್ ಜೈಲು, ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರನ್ನು ಇಟ್ಟಿದ್ದ ಜೈಲು. ಟೌನ್ ಹಾಲಿನ ಮೆಟ್ಟಿಲ ಮೇಲೆ ಹತ್ತು ಜನ ಬ್ಯಾನರ್ ಹಿಡಿದರೆ ಬಸ್ಸಿನಲ್ಲಿ ಹೋಗುವವರ ಕಣ್ಣಿಗೆ ಬೀಳುತ್ತಿತ್ತು. ಜೈಲಿನ ಗೋಡೆಯೊಳಗೆ ಸಾವಿರ ಜನ ಕೂಗಿದರೂ ಯಾವ ಸಚಿವರ ಕಾರೂ ನಿಧಾನವಾಗಬೇಕಿಲ್ಲ. 2022ರ ಜುಲೈನಲ್ಲಿ ಪೌರಕಾರ್ಮಿಕರು ಅಲ್ಲೇ ದಿನಗಟ್ಟಲೆ ಕೂತು, ಕಾಯಂ ಮಾಡುವ ಭರವಸೆಯನ್ನು ಸರ್ಕಾರದಿಂದ ಬರಹದಲ್ಲಿ ಪಡೆದೇ ಎದ್ದರು. ಸರ್ಕಾರ 11,133 ಜನರ ಕಾಯಮಾತಿಗೆ ಒಪ್ಪಿತು. ಕಸ ತೆಗೆಯುವವರು ಕೆಲಸ ನಿಲ್ಲಿಸಿದರೆ ಗೋಡೆಯಾಚೆಗೂ ಗೊತ್ತಾಗುತ್ತದೆ. ಎಲ್ಲರಿಗೂ ಆ ಬಲವಿಲ್ಲ.

ವಿದೇಶಿ ದೇಣಿಗೆಯ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿ ಇನ್ನೊಂದು ಪೆಟ್ಟು. ದೊಡ್ಡ ಸಂಸ್ಥೆ ತನಗೆ ಬಂದ ಹಣವನ್ನು ಹಳ್ಳಿಯ ಸಣ್ಣ ಸಂಸ್ಥೆಗೆ ದಾಟಿಸುವಂತಿಲ್ಲ, ಕಚೇರಿ ಖರ್ಚು ಶೇ 20 ಮೀರುವಂತಿಲ್ಲ. ಹಣದ ಲೆಕ್ಕ ಕೇಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸಣ್ಣ ಸಂಸ್ಥೆಗಳೇ ಊರಿನ ಇನ್ನೊಂದು ದಫ್ತರ ಇಡುತ್ತಿದ್ದವು. ಇನ್ನು ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಕಾರ್ಪೊರೇಟರ್ ಇಲ್ಲದ ವಾರ್ಡಿನಲ್ಲಿ ನೀರಿಗೂ ಕಸಕ್ಕೂ ಅಧಿಕಾರಿಯ ಬಾಗಿಲಿಗೆ ಹೋದದ್ದು ಬಡಾವಣೆಯ ಸಂಘಗಳು. ಚುನಾಯಿತರ ಜಾಗವನ್ನು ಸಂಘಗಳು ತುಂಬಬಾರದು, ತುಂಬಲೂ ಆಗದು. ಸಂಘದ ಅಧ್ಯಕ್ಷರನ್ನು ಸೋಲಿಸಲು ಕೊಳೆಗೇರಿಯವರಿಗೆ ಓಟಿಲ್ಲ.

ಕಳೆದ ಡಿಸೆಂಬರಿನಲ್ಲಿ ಊರ ಕಡೆ ಹೋದಾಗ ಆ ಶಿಕ್ಷಕಿಯನ್ನು ಹುಡುಕಿಕೊಂಡು ಹೋದೆ. ಹದಿನಾಲ್ಕು ಮಂದಿ ಈಗ ಆರಾಗಿದ್ದಾರೆ. ಇಬ್ಬರು ತೀರಿಕೊಂಡರು, ಕೆಲವರು ಮಕ್ಕಳ ಜೊತೆ ಬೆಂಗಳೂರು ಸೇರಿದರು, ಒಬ್ಬರಿಗೆ ಬೇಸರವಾಯಿತು. ಉಳಿದವರು ತಿಂಗಳ ಮೊದಲ ಶನಿವಾರ ಅವರ ಪಡಸಾಲೆಯಲ್ಲಿ ಸೇರುತ್ತಾರೆ. ನಾನು ಹೋದದ್ದು ಅಂಥದೇ ಶನಿವಾರ. ಚಾಪೆಯ ಮೇಲೆ ಚುರುಮುರಿ, ಚಹಾ. ಮಧ್ಯದಲ್ಲಿ ಇನ್ನೂರು ಪುಟದ ನೋಟ್‌ಬುಕ್. ಗುಂಡಿಯಲ್ಲಿ ಸತ್ತ ಇಬ್ಬರಲ್ಲಿ ಒಬ್ಬನ ಹೆಂಡತಿಯೂ ಬಂದಿದ್ದರು, ಈಗ ಆಕೆಯೂ ಆರರಲ್ಲಿ ಒಬ್ಬರು. ಸಕ್ಕಿಂಗ್ ಮಶೀನ್ ಬಂದಿದೆ, ಆದರೆ ಮಶೀನ್ ಹೋಗದ ಸಂದಿಗಳಲ್ಲಿ ಇನ್ನೂ ಜನರನ್ನು ಇಳಿಸುತ್ತಾರೆ ಎಂದು ಹೇಳಿದ್ದು ಆಕೆ. ಯಾವ ಸಂದಿ, ಯಾವ ದಿನ, ಯಾರು ಇಳಿದರು ಎಂದು ಶಿಕ್ಷಕಿ ಒಂದೊಂದಾಗಿ ಕೇಳಿದರು. ಮಶೀನಿನ ಲಾಗ್ ಪುಸ್ತಕದ ಪ್ರತಿ ಕೇಳಿ ಮಾಹಿತಿ ಹಕ್ಕಿನ ಅರ್ಜಿ ಹಾಕುವುದೆಂದು ಠರಾವಾಯಿತು.

“ನಿಮ್ಮ ಅಕ್ಷರ ಚಲೋ ಇರ್ತಾವ, ಪೇಪರಿನವರು. ಬರೀರಿ” ಎಂದು ಪೆನ್ನು ಕೊಟ್ಟರು. ಬರೆದೆ. ಸೂಚಕರು ಆ ಹೆಣ್ಣುಮಗಳು, ಅನುಮೋದಕರು ನಿವೃತ್ತ ಪೋಸ್ಟ್‌ಮನ್ ಒಬ್ಬರು. ಒಬ್ಬೊಬ್ಬರೇ ಸಹಿ ಮಾಡಿ ಪುಸ್ತಕವನ್ನು ಮುಂದಕ್ಕೆ ಸರಿಸಿದರು. ನನ್ನ ಮುಂದೆ ಬಂದಾಗ, ನಾನು ಈ ಊರಿನವಳಲ್ಲ ಎಂದೆ.

“ಹಾಜರ್ ಇದ್ದೀರಲ್ಲ” ಎಂದರು ಅವರು. “ಹಾಜರಿದ್ದವರು ಅಂತ ಐತಿ ನೋಡ್ರಿ, ಅದರ ಬುಡಕ ಮಾಡ್ರಿ.”